ಬಾಗಿಲು ತೆರೆದವರಿಗೆ

ನಮ್ಮ ಛಾಯಾಚಿತ್ರ ಪ್ರದರ್ಶನ ನಿನ್ನೆ ಮುಗಿಯಿತು. ಕೈಗೆಟುಕುವ ಬೆಲೆಯ ಮನೆಗಳು, ಅವುಗಳಿಗಾಗಿ ಕಾಯುತ್ತಿರುವವರು, ಹೊಟ್ಟೆಬಟ್ಟೆ ಕಟ್ಟಿ ಸಾಲದ ಕಂತು ತುಂಬುತ್ತಿರುವವರು, ಇವೇ ಅಲ್ಲಿದ್ದ ಚಿತ್ರಗಳು. ನೋಡಲು ಬಂದ ಎಲ್ಲರಿಗೂ ವಂದನೆಗಳು. ಆದರೆ ಈ ಬರಹ ಮುಖ್ಯವಾಗಿ ಆ ಚಿತ್ರಗಳಲ್ಲಿ ಇರುವವರಿಗೆ.

1880ರ ದಶಕದಲ್ಲಿ ಪತ್ರಕರ್ತ ಜೇಕಬ್ ರೀಸ್ ನ್ಯೂಯಾರ್ಕಿನ ಬಡವರ ವಠಾರಗಳ ಕತ್ತಲೆ ಕೋಣೆಗಳನ್ನು ಫ್ಲಾಶ್ ಪುಡಿ ಉರಿಸಿ ಚಿತ್ರಿಸಿದರು. ಅದರಿಂದ ಒಳ್ಳೆಯದೇ ಆಯಿತು. ವಠಾರದ ಕೋಣೆಗಳಿಗೆ ಗಾಳಿ ಬೆಳಕು ಬೇಕೆಂದು 1901ರಲ್ಲಿ ಬಂದ ಕಾನೂನಿನ ಹಿಂದೆ ಅವರ ಶ್ರಮವೂ ಇತ್ತು. ಆದರೂ ದಿಢೀರ್ ಬೆಳಕಿಗೆ ಬೆಚ್ಚಿದ ಆ ಕಣ್ಣುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೀವು ನನಗೆ ಹಗಲು ಹೊತ್ತಿನಲ್ಲಿ, ನೀವಾಗಿಯೇ ಬಾಗಿಲು ತೆರೆದಿರಿ. ಕಿಟಕಿಯ ಬೆಳಕು ಹದವಾಗಿ ಬೀಳುವ ತನಕ ಕೆಲಸ ಬಿಟ್ಟು ಕುಳಿತಿರಿ. ಟ್ರೈಪಾಡ್ ಇಡಲು ಜಾಗವಿಲ್ಲದ ಕಡೆ ಮಂಚವನ್ನೇ ಸರಿಸಿಕೊಟ್ಟಿರಿ.

ಒಂದು ಚಿತ್ರದ ಬಗ್ಗೆ ಬಹಳ ಜನ ಕೇಳಿದರು: ಕಪಾಟಿನ ಮೇಲೆ ಗೋಡೆಗೆ ಒರಗಿಸಿಟ್ಟ ಮದುವೆಯ ಫೋಟೊ. ಬಾಡಿಗೆ ಮನೆಗಳಲ್ಲಿ ಮೊಳೆ ಹೊಡೆಯಬಾರದೆಂಬ ಷರತ್ತಿದ್ದುದರಿಂದ ಅದು ಯಾವ ಗೋಡೆಯನ್ನೂ ಏರಿಲ್ಲ. ಚೌಕಟ್ಟಿನ ಕೆಳಗಿನ ಅಂಚು ಸವೆದು ಬಣ್ಣ ಹೋಗಿದೆ. ಹಿಂಬದಿಯ ಕೊಕ್ಕೆ ಮಾತ್ರ ಇನ್ನೂ ಹೊಸದಾಗಿದೆ. ಅದನ್ನು ತಿರುಗಿಸಿ ತೋರಿಸಿದ ಆ ತಾಯಿಗೆ ನಾನು ಋಣಿ. ಸ್ವಂತ ಮನೆ ಏಕೆ ಬೇಕು ಎಂಬುದನ್ನು ಅಷ್ಟು ಸ್ಪಷ್ಟವಾಗಿ ನನಗೆ ಬೇರೆ ಯಾರೂ ಹೇಳಿಲ್ಲ.

ವೈಡ್ ಆ್ಯಂಗಲ್ ಲೆನ್ಸ್ ಬೇಡವೇ ಬೇಡ ಎಂದು ಪಟ್ಟು ಹಿಡಿದ ಗೆಳೆಯನಿಗೂ ವಂದನೆ. ಮನೆ ಮಾರಾಟದ ಜಾಹೀರಾತಿನಲ್ಲಿ ಪುಟ್ಟ ಕೋಣೆ ದೊಡ್ಡ ಹಜಾರದಂತೆ ಕಾಣುವುದು ಆ ಲೆನ್ಸಿನಿಂದಲೇ. ಅದರ ಬದಲು ನಾವು ಬಳಸಿದ ಸಾಮಾನ್ಯ 50 ಮಿಲಿಮೀಟರ್ ಲೆನ್ಸಿನಲ್ಲಿ ಕೋಣೆ ಪೂರ್ತಿ ಹಿಡಿಸುವುದಿಲ್ಲ, ಹಿಂದೆ ಸರಿದರೆ ಬೆನ್ನು ಗೋಡೆಗೆ ತಾಗುತ್ತದೆ. ಆ ಇಕ್ಕಟ್ಟು ಚಿತ್ರದಲ್ಲಿ ಉಳಿಯಲೇಬೇಕಿತ್ತು. ಹಾಂಗ್‌ಕಾಂಗಿನ ಶೆಕ್ ಕಿಪ್ ಮೇ ವಸತಿ ಸಮುಚ್ಚಯದಲ್ಲಿ ಸುಮಾರು 100 ಚದರಡಿಯ ಮನೆಗಳನ್ನು ಛಾಯಾಗ್ರಾಹಕ ಮೈಕೆಲ್ ವುಲ್ಫ್ ಒಂದೊಂದಾಗಿ, ಅಲ್ಲಿ ಬದುಕುವವರ ಸಮೇತ ಚಿತ್ರಿಸಿದ್ದರು. ಮನೆಯವರನ್ನು ಬಿಟ್ಟು ಮನೆಯ ಚಿತ್ರ ತೆಗೆಯಬಾರದೆಂದು ನಾನು ಕಲಿತದ್ದು ಅವರಿಂದ.

ಬೇಡ ಎಂದವರನ್ನೂ ನೆನೆಯುತ್ತೇನೆ. "ಕಂತೆಲ್ಲ ತೀರಲಿ, ಆಮೇಲೆ ಬನ್ನಿ" ಎಂದು ಒಬ್ಬರು ಬಾಗಿಲಲ್ಲೇ ನಿಂತು ಹೇಳಿದರು. ಖಂಡಿತ ಬರುತ್ತೇನೆ.

ಪ್ರತಿ ಕುಟುಂಬಕ್ಕೂ ಅವರ ಚಿತ್ರದ ಪ್ರತಿಯನ್ನು ತಲುಪಿಸುತ್ತಿದ್ದೇವೆ. ಈ ನಡುವೆ ಮನೆ ಬದಲಿಸಿದವರು ದಯವಿಟ್ಟು ಹೊಸ ವಿಳಾಸ ತಿಳಿಸಿ.