ಅತ್ತೆ ಬಳೆ ಕದಿಯುವುದು ಬೇಡ

ಪ್ರೀತಿಯ ತಂಗಿ,

ನೀನು ಬರೆದ ಧಾರಾವಾಹಿಯ ಆರೂ ಕಂತು ಓದಿದೆ. ಶಿರಸಿಯ ಹುಡುಗಿ ರಾಜಾಜಿನಗರದ ಗಂಡನ ಮನೆಗೆ ಬಂದು, ಸಾಸಿವೆ ಎಲ್ಲಿದೆ ಅಂತ ಕೇಳಲು ಸಂಕೋಚಪಟ್ಟು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾಳಲ್ಲ, ಅದು ತುಂಬಾ ಇಷ್ಟವಾಯಿತು. ಮೂರನೇ ಕಂತಿಗೆ ಬಂದರೆ ಅತ್ತೆ ಸೊಸೆಯ ಬಳೆ ಕದ್ದು ಬಚ್ಚಿಡುತ್ತಾಳೆ! ಯಾಕಮ್ಮಾ? 'ಕಥೆಯಲ್ಲಿ ಏನೂ ನಡೆಯುತ್ತಿಲ್ಲ, ಕೈಬಿಡೋಣ ಅನ್ನಿಸಿದೆ' ಅಂತ ಬರೆದಿದ್ದೀಯ. ಕೈಬಿಡಬೇಡ. ದೃಶ್ಯ ಎಷ್ಟು ಉದ್ದ ಇರಬೇಕು, ಯಾರಿಗೆ ಕಳಿಸಬೇಕು ಅನ್ನುವುದೆಲ್ಲ ಬರೆಯುತ್ತಾ ಹೋದಂತೆ ಗೊತ್ತಾಗುತ್ತದೆ, ಅದಕ್ಕೆ ನಾನು ಬೇಕಿಲ್ಲ. ನಾನು ಹೇಳುವುದು ಒಂದೇ. ಜಗಳ ಹುಟ್ಟಲು ಮನೆಯಲ್ಲಿ ಕೆಟ್ಟವರು ಇರಲೇಬೇಕು ಅಂತ ಇಲ್ಲ.

'ಗ್ಯಾವಿನ್ ಅಂಡ್ ಸ್ಟೇಸಿ' ನೋಡು. ಬಿಬಿಸಿಯಲ್ಲಿ 2007ರಲ್ಲಿ ಶುರುವಾದ ಹಾಸ್ಯ ಧಾರಾವಾಹಿ. ಬರೆದವರು ಜೇಮ್ಸ್ ಕಾರ್ಡನ್ ಮತ್ತು ರೂತ್ ಜೋನ್ಸ್. ಹುಡುಗ ಗ್ಯಾವಿನ್ ಇಂಗ್ಲೆಂಡಿನ ಎಸೆಕ್ಸ್ ಕಡೆಯವನು, ಹುಡುಗಿ ಸ್ಟೇಸಿ ವೇಲ್ಸ್‌ನ ಬ್ಯಾರಿ ಅನ್ನುವ ಕಡಲತೀರದ ಊರಿನವಳು. ಆಫೀಸ್ ಫೋನಿನಲ್ಲಿ ಮಾತಾಡುತ್ತಾ ಪ್ರೀತಿಯಾಗಿ, ಆಮೇಲೆ ಲಂಡನ್ನಿನಲ್ಲಿ ಮೊದಲ ಸಲ ಮುಖ ನೋಡುತ್ತಾರೆ. ಆರೇ ಕಂತಿನಲ್ಲಿ ಮದುವೆಯೂ ಆಗಿಹೋಗುತ್ತದೆ. ಕಥೆಗೆ ಜೀವ ಬರುವುದು ಅದಾದ ಮೇಲೆ.

ಎರಡನೇ ಸರಣಿಯಲ್ಲಿ ಸ್ಟೇಸಿ ಅತ್ತೆಮನೆ ಸೇರುತ್ತಾಳೆ. ಅತ್ತೆ ಪ್ಯಾಮ್ ಬೆಳೆದ ಮಗನನ್ನು ಇನ್ನೂ ರಾಜಕುಮಾರ ಅಂತಲೇ ಮುದ್ದು ಮಾಡುವವಳು. ದೊಡ್ಡ ಬಾಯಿ, ಎಲ್ಲದರಲ್ಲೂ ಸ್ವಲ್ಪ ಜಾಸ್ತಿ. ಬೀಗರ ಮುಂದೆ ಗಾಬರಿಯಾಗಿ 'ನಾನು ಮಾಂಸ ತಿನ್ನಲ್ಲ' ಅಂದುಬಿಡುತ್ತಾಳೆ. ಆಮೇಲೆ ಆ ಸುಳ್ಳು ಉಳಿಸಿಕೊಳ್ಳಲು ಒದ್ದಾಡುತ್ತಾಳೆ. ನಗು ಬರುತ್ತದೆ, ಆದರೆ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಸೊಸೆ ಅಂದರೆ ಅವಳಿಗೆ ಪ್ರಾಣ.

ಹಾಗಿದ್ದೂ ಆ ಮದುವೆ ಮುರಿದುಬೀಳುವ ಹಂತಕ್ಕೆ ಬರುತ್ತದೆ. ಸ್ಟೇಸಿಗೆ ತವರು ಬಿಟ್ಟಿರಲು ಆಗುವುದಿಲ್ಲ, ಅಷ್ಟೇ ಕಾರಣ. ಯಾರು ಬಂದರೂ ಆಮ್ಲೆಟ್ ಮಾಡಿಕೊಡಲಾ ಅನ್ನುವ ಅಮ್ಮ, ಎದುರುಮನೆಯ ಚಿಕ್ಕಪ್ಪ, ಎಲ್ಲ ಅಲ್ಲೇ ಇದ್ದಾರೆ. ಗಂಡನಿಗೂ ಅವನ ಊರು, ಅವನ ಗೆಳೆಯರು. ಇಬ್ಬರದೂ ನ್ಯಾಯವೇ, ಯಾರನ್ನು ಬೈಯುತ್ತೀಯ? ಮುಂದೆ ಗ್ಯಾವಿನ್ ಬ್ಯಾರಿಗೆ ಹತ್ತಿರದ ಕಾರ್ಡಿಫ್‌ನಲ್ಲಿ ಕೆಲಸ ಹಿಡಿದು ಹೆಂಡತಿಯ ಊರಿಗೆ ಹೋಗುತ್ತಾನೆ. ಆಗ ಸಂಕಟ ಪ್ಯಾಮ್ ಪಾಲಿಗೆ ಬರುತ್ತದೆ. ಈ ಲೆಕ್ಕಾಚಾರ ನೋಡು ತಂಗಿ! ಒಬ್ಬರ ಸುಖ ಇನ್ನೊಬ್ಬರ ಮನೆ ಖಾಲಿ ಮಾಡುತ್ತದೆ, ತಪ್ಪು ಮಾತ್ರ ಯಾರದೂ ಅಲ್ಲ.

ಈ ವಿಷಯದಲ್ಲಿ ನನಗೆ ಹಳೆಯ ಸಿಟ್ಟಿದೆ. ಹಿಂದೆ ಒಂದು ಚಾನೆಲ್‌ಗೆ ಕೂಡುಕುಟುಂಬದ ಕಥೆ ಬರೆಯುತ್ತಿದ್ದೆ. ಅತ್ತೆ ಒಳ್ಳೆಯವಳಾದರೆ ಟಿಆರ್‌ಪಿ ಬರಲ್ಲ ಅಂದರು. ನಾನು ಬಗ್ಗಲಿಲ್ಲ. ನನ್ನ ಜಾಗಕ್ಕೆ ಬೇರೆಯವರು ಬಂದರು, ನನ್ನ ಕಥೆಯ ಅತ್ತೆ ಹಾಲಿಗೆ ವಿಷ ಬೆರೆಸಿದಳು. ಆ ಹೆಂಗಸನ್ನು ನಾನು ನಮ್ಮ ದೊಡ್ಡಮ್ಮನನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದೆ. ಇವತ್ತಿಗೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಳ್ಳೆಯವರ ಕಥೆ ಯಾರು ನೋಡುತ್ತಾರೆ ಅಂತ ನೀನೂ ಕೇಳಬಹುದು. 2024ರ ಕ್ರಿಸ್‌ಮಸ್ ದಿನ 'ಗ್ಯಾವಿನ್ ಅಂಡ್ ಸ್ಟೇಸಿ'ಯ ಕೊನೆಯ ಕಂತು ಬಂದಾಗ, ಆ ಒಂದೇ ರಾತ್ರಿ 1.2 ಕೋಟಿಗಿಂತ ಜಾಸ್ತಿ ಜನ ನೋಡಿದರು.

ನಿನ್ನ ಎರಡನೇ ಕಂತಿನಲ್ಲೇ ಎಲ್ಲ ಇದೆ, ನೀನು ಗಮನಿಸಿಲ್ಲ. ಸೊಸೆಗೆ ಇಷ್ಟ ಅಂತ ಅತ್ತೆ ಅಪ್ಪೆಹುಳಿ ಮಾಡಲು ಹೋಗುತ್ತಾಳೆ. ಸರಿಬರದೆ ಸಿಂಕಿಗೆ ಚೆಲ್ಲಿಬಿಡುತ್ತಾಳೆ. ಸೊಸೆ ಬಾಗಿಲ ಸಂದಿಯಿಂದ ನೋಡಿ ಸುಮ್ನೆ ಹೋಗುತ್ತಾಳೆ. ಇಷ್ಟು ಒಳ್ಳೆಯದನ್ನು ಎರಡೇ ಸಾಲಿನಲ್ಲಿ ಮುಗಿಸಿ ಓಡಿದ್ದೀಯಲ್ಲೇ! ಅವಳಿಗೆ ಅತ್ತೆ ಮೇಲೆ ಪ್ರೀತಿ ಉಕ್ಕಿತಾ, ಅಮ್ಮನ ನೆನಪು ಜಾಸ್ತಿಯಾಯಿತಾ? ಎರಡೂ ಆಗಿರಬಹುದು ಅಲ್ವಾ? ಮೂರನೇ ಕಂತು ಅಲ್ಲಿಂದ ಹಿಡಿದು ಬರೆ. ಯುಗಾದಿಯೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ