ಅಜ್ಜಿಮನೆ ಅಳತೆಗೆ ನಾನು ಯಾಕೆ ಬರಲಿಲ್ಲ ಅಂದರೆ

ಮಾರಾಯ,

ಮೊನ್ನೆಯೂ ಫೋನಿನಲ್ಲಿ ನೀನು ಅದನ್ನೇ ಕೇಳಿದೆ: ನಿಮ್ಮ ಅಜ್ಜಿಮನೆಯ ಅಳತೆ ತೆಗೆದು ನಕ್ಷೆ ಮಾಡಿಕೊಡು ಅಂತ. ನಾನು ಮಳೆ ಅಂದೆ, ಕೆಲಸ ಅಂದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಹಳೆಮನೆ ಇರುವ ಉಳಿದವರೂ ಓದಲಿ.

ಈಗ ನನಗೆ ರೋಮಿನ ಹುಚ್ಚು, ಗೊತ್ತಲ್ವಾ? 1500ರ ಆಸುಪಾಸಿನಲ್ಲಿ ಇಟಲಿಯ ಕಲಾವಿದರು ಹಳೆ ರೋಮಿನ ಪಾಳುಗಳ ಮುಂದೆ ನಿಂತು ಕಂಬದ ತಲೆ, ಕಾರ್ನಿಸು (ಗೋಡೆಯ ನೆತ್ತಿಯಲ್ಲಿ ಹೊರಚಾಚುವ ಅಂಚುಪಟ್ಟಿ), ಕೆತ್ತನೆ ಎಲ್ಲವನ್ನೂ ಬರೆದುಕೊಂಡರು. ಅವರಲ್ಲೊಬ್ಬ ಜೂಲಿಯಾನೋ ದ ಸಂಗಾಲ್ಲೋ. ಬಸಿಲಿಕಾ ಎಮಿಲಿಯಾ ಅನ್ನುವ ಹಳೆ ರೋಮಿನ ಸಾರ್ವಜನಿಕ ಕಟ್ಟಡವನ್ನು ಅವನು ಬರೆದ ಹಾಳೆ ನೋಡು. ಕಂಬಗಳ ಮೇಲೊಂದು ಪಟ್ಟಿ. ಅದರಲ್ಲಿ ಎತ್ತಿನ ತಲೆಬುರುಡೆ, ಪಕ್ಕಕ್ಕೆ ದುಂಡನೆ ತಟ್ಟೆ, ಮತ್ತೆ ಬುರುಡೆ, ಮತ್ತೆ ತಟ್ಟೆ. ಆ ಗೋಡೆ ಈಗಿಲ್ಲ. ಲಂಡನ್ನಿನ ಸೋನ್ ಮ್ಯೂಸಿಯಮ್ಮಿನಲ್ಲಿ ಕೋಡೆಕ್ಸ್ ಕೋನರ್ ಅಂತ ಇಂಥದ್ದೇ ಚಿತ್ರಗಳ 1515ರ ಹೊತ್ತಿನ ಪುಸ್ತಕವಿದೆ. ಬೆರ್ನಾರ್ದೋ ದೆಲ್ಲಾ ವೋಲ್ಪಾಯಾನ ಕೈ ಅನ್ನುತ್ತಾರೆ. ಕಾರ್ನಿಸನ್ನು ಅಡ್ಡ ಕೊಯ್ದ ಹಾಗೆ ತೋರಿಸಿ, ಉಬ್ಬು ತಗ್ಗುಗಳಿಗೆ ಫ್ಲಾರೆನ್ಸಿನ ಬ್ರಾಚ್ಚೋ ಲೆಕ್ಕದಲ್ಲಿ ಅಳತೆ ಹಾಕಿದ್ದಾನೆ (ನಮ್ಮ ಮೊಳಕ್ಕಿಂತ ಕೊಂಚ ಉದ್ದ). ಮೈಕೆಲಾಂಜೆಲೊ ಅಂಥವನು ಕೆಂಪು ಸೀಮೆಸುಣ್ಣ ಹಿಡಿದು ಅದನ್ನು ನಕಲು ಮಾಡಿಕೊಂಡ. ಎಷ್ಟು ಪ್ರೀತಿ ಇರಬೇಕು!

ಅದೇ ವರ್ಷಗಳಲ್ಲಿ ಆ ಕಲ್ಲುಗಳು ಸುಣ್ಣದ ಭಟ್ಟಿಗೆ ಹೋಗುತ್ತಿದ್ದವು. 1519ರ ಸುಮಾರಿಗೆ ರಾಫೇಲ್ ಪೋಪ್ ಹತ್ತನೇ ಲಿಯೋಗೆ ಇದನ್ನೇ ಬರೆದು ಗೋಳಾಡುತ್ತಾನೆ: ಮೂರ್ತಿಗಳನ್ನೂ ಕೆತ್ತನೆಗಳನ್ನೂ ಸುಟ್ಟು ಮಾಡಿದ ಸುಣ್ಣದಿಂದಲೇ ಹೊಸ ರೋಮ್ ಎದ್ದಿದೆ ಅಂತ. ಆದರೆ 1515ರಲ್ಲಿ ಸಂತ ಪೀಟರ್ ಚರ್ಚಿಗೆ ಹಳೆ ಕಲ್ಲು ಒದಗಿಸುವ ಅಧಿಕಾರವನ್ನು ಆ ಪೋಪ್ ಕೊಟ್ಟಿದ್ದೂ ಈ ರಾಫೇಲನಿಗೇ. ಅವನನ್ನು ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ವಾಸ್ತುಶಿಲ್ಪಿ ಪಲ್ಲಾಡಿಯೋ 1570ರಲ್ಲಿ ರೋಮಿನ ಮಿನರ್ವಾ ದೇವಿಯ ಗುಡಿಯನ್ನು ಅಳತೆ ಸಮೇತ ಅಚ್ಚು ಹಾಕಿಸಿದ. 1606ರಲ್ಲಿ ಪೋಪ್ ಐದನೇ ಪೌಲ್ ಆ ಗುಡಿ ಕೆಡವಿಸಿ ಅಮೃತಶಿಲೆಯನ್ನು ಕಾರಂಜಿಗೆ ಸಾಗಿಸಿದ.

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಬೀಳಲಿರುವ ಮನೆಗಳ ಅಳತೆ ತೆಗೆಯುವುದು ನನ್ನ ಹೊಟ್ಟೆಪಾಡು. ಕೊನೆಯ ಗೆರೆ ಎಳೆದ ಮೇಲೆ ಮನಸ್ಸು ಹಗುರಾಗುತ್ತದೆ. ಆಮೇಲೆ ಮನೆ ಕೆಡವಿದರಂತೆ ಅಂತ ಸುದ್ದಿ ಬಂದರೂ ಸಂಕಟ ಆಗುವುದಿಲ್ಲ, ಹಾಳೆಯಲ್ಲಿ ಇದೆಯಲ್ಲ ಅನ್ನಿಸುತ್ತದೆ. ಈ ಹಗುರ ನನಗೆ ಭಯ ಹುಟ್ಟಿಸಿದೆ, ಕಣೋ. ನಿಮ್ಮ ಜಗಲಿಯ ಮುಂಡಿಗೆಗೆ ಬೆನ್ನು ಕೊಟ್ಟು ಅಜ್ಜಿ ಊಟಕ್ಕೆ ಕರೆಯುವುದನ್ನೇ ಕಾಯುತ್ತಿದ್ದೆ ನಾನು. ನಮ್ಮ ಮನೆಯಲ್ಲಿ ಹಾಗೆ ಕರೆಯುವವರು ಯಾರೂ ಇರಲಿಲ್ಲ. ಆ ಮುಂಡಿಗೆಯನ್ನು ಹಾಳೆಗಿಳಿಸಿದ ದಿನ ನಿನಗೂ, ನಿನ್ನ ದೊಡ್ಡಪ್ಪನಿಗೂ, ನನಗೂ ಸಮಾಧಾನ ಆಗಿಬಿಡುತ್ತದೆ. ಆಮೇಲೆ ಮಾರೋದು ಸುಲಭ.

ಸರಿ ಬಿಡು, ಜಾಸ್ತಿ ಆಯ್ತು. ದೀಪಾವಳಿಗೆ ಬರುತ್ತೇನೆ, ಟೇಪು ತರುವುದಿಲ್ಲ. ಹೆಂಚು ಹೊದಿಸಲು ಎಷ್ಟಾಗುತ್ತೆ ಅಂತ ದೊಡ್ಡಪ್ಪನ ಜೊತೆ ಕೂತು ಲೆಕ್ಕ ಹಾಕೋಣ. ಅಮ್ಮನಿಗೆ ಕಡುಬು ಮಾಡೋಕೆ ಹೇಳು. ಹುಲಿ ಕಥೆ ಈ ಸಲ ನೀನೇ ಹೇಳಬೇಕು, ಸೈಕಲ್ ಬರುವ ಭಾಗ ಬಿಡದೆ.

ನಿನ್ನ ಗೆಳೆಯ