ಬುದ್ಧನಿಗೆ 25 ನಿಮಿಷ, ಹರಳಿನ ಅಂಗಡಿಗೆ 75 ನಿಮಿಷ

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಬ್ಯಾಂಕಾಕ್ ಒಂದು ದಿನದ ಟೂರ್‌ನಲ್ಲಿ ಹೇಳಿದ್ದನ್ನು ತೋರಿಸದ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ಸಿಂಗಪುರದಿಂದ ಹೊರಟ ಕ್ರೂಸ್‌ನಲ್ಲಿ ನಾನು, ನನ್ನ ಹೆಂಡತಿ ಮತ್ತು 74 ವರ್ಷದ ಅಮ್ಮ ಹೋಗಿದ್ದೆವು. ಹಡಗು ಲೇಮ್ ಚಬಾಂಗ್ ಬಂದರಿನಲ್ಲಿ ನಿಲ್ಲುವ ದಿನಕ್ಕೆ ಅಂತ ನಿಮ್ಮ ಮೈಸೂರು ಕಚೇರಿಯಲ್ಲೇ ಮೂವರ ದುಡ್ಡು ಕಟ್ಟಿದ್ದೆ. ನೀವು ಕೊಟ್ಟ ಹಾಳೆಯಲ್ಲಿ ವಾಟ್ ಫೋ ದೇವಸ್ಥಾನಕ್ಕೆ ಒಂದೂವರೆ ಗಂಟೆ, ಆಮೇಲೆ ದೋಣಿಯಲ್ಲಿ ನದಿ ದಾಟಿ ವಾಟ್ ಅರುಣ್ ಅಂತ ಇದೆ. ಅಂಗಡಿ ಅನ್ನೋ ಪದ ಎಲ್ಲೂ ಇಲ್ಲ.

ಬಂದರಿನಿಂದ ಬ್ಯಾಂಕಾಕ್‌ಗೆ ಎರಡು ಗಂಟೆ ದಾರಿ. ಅದು ಗೊತ್ತಿದ್ದೇ ಹೊರಟಿದ್ದೆವು, ತಕರಾರಿಲ್ಲ. ಆದರೆ ಊರು ಸೇರಿದ ಕೂಡಲೇ ಬಸ್ ನಿಂತಿದ್ದು ಒಂದು ಹರಳಿನ ಅಂಗಡಿ ಮುಂದೆ. ‘ಸುಮ್ನೆ ಹತ್ತು ನಿಮಿಷ’ ಅಂದರು. ಹೊರಗೆ ಬಂದಿದ್ದು 75 ನಿಮಿಷ ಆದ ಮೇಲೆ. ಬಸ್ಸಿನಲ್ಲೇ ಕೂತಿರ್ತೀವಿ ಅಂದರೆ ಡ್ರೈವರ್ ಬಾಗಿಲು ಹಾಕಿಕೊಂಡು ಹೋಗಿದ್ದ. ನೀಲಮಣಿ ಉಂಗುರ ಕೊಳ್ಳೋಕೆ ನಾವು ಸಮುದ್ರ ದಾಟಬೇಕಿತ್ತಾ?

ವಾಟ್ ಫೋಗೆ ಸಿಕ್ಕಿದ್ದು 25 ನಿಮಿಷ. ಅಲ್ಲಿ ಮಲಗಿರುವ ಬುದ್ಧ 46 ಮೀಟರ್ ಉದ್ದ. ತಲೆಯಿಂದ ಪಾದದವರೆಗೆ ನಡೆಯೋಕೇ ಅಮ್ಮನಿಗೆ ಹೊತ್ತು ಬೇಕು. ಪಾದದ ಅಡಿಯಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳಿವೆ, ಜನರ ಭುಜದ ಸಂದಿಯಲ್ಲಿ ಇಣುಕಿ ನೋಡಿದ್ದಷ್ಟೇ. ಬೆನ್ನಿನ ಕಡೆ ಗೋಡೆಗುಂಟ 108 ಕಂಚಿನ ಬೋಗುಣಿಗಳಿವೆ. 20 ಬಾತ್ ಕೊಟ್ಟರೆ ಚಿಲ್ಲರೆ ಕೊಡುತ್ತಾರೆ, ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು. ಅಮ್ಮ ಒಂದೊಂದು ಟಿಣ್ ಸದ್ದಿಗೂ ಒಂದೊಂದು ನಾಮ ಹೇಳಿಕೊಂಡು ಹಾಕುತ್ತಿದ್ದರು. ಅಷ್ಟೋತ್ತರ ಅಲ್ವಾ, ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 31ನೇ ಬೋಗುಣಿ ಹತ್ತಿರ ಗೈಡ್ ಬಂದು ಬಾವುಟ ಆಡಿಸಿದ, ‘ಹಡಗು ತಪ್ಪುತ್ತೆ, ಬನ್ನಿ.’ ಉಳಿದ 77 ನಾಣ್ಯ ಇನ್ನೂ ಅಮ್ಮನ ಪರ್ಸಿನಲ್ಲೇ ಇವೆ.

ವಾಟ್ ಅರುಣ್ ಕಥೆ ಇನ್ನೂ ಚಿಕ್ಕದು. ವಾಟ್ ಫೋ ಪಕ್ಕದ ಕಟ್ಟೆಯಿಂದ ದೋಣಿ ಹತ್ತಿದರೆ ಆಚೆ ದಡವೇ ಅದು. ಹೆಸರಲ್ಲೇ ನಮ್ಮ ಅರುಣ ಇದ್ದಾನೆ ಅಂತ ಅಮ್ಮನಿಗೆ ಆಸೆ ಜಾಸ್ತಿ ಇತ್ತು. ಬಸ್ಸಿನ ಕಿಟಕಿಯಿಂದ ಗೋಪುರದ ತುದಿ ತೋರಿಸಿ ‘ಆಯ್ತು’ ಅಂದರು.

ಗೈಡ್ ಪಾಪ, ಒಳ್ಳೆಯ ಹುಡುಗ. ಅಂಗಡಿಗೆ ಕರೆದೊಯ್ಯದಿದ್ದರೆ ತನ್ನ ಕೂಲಿ ಹುಟ್ಟೋದಿಲ್ಲ ಅಂತ ಅವನೇ ಹೇಳಿದ. ನನ್ನ ದೂರು ಅವನ ಮೇಲಲ್ಲ, ಇಂಥ ಟೂರ್ ಮಾರಿದ ನಿಮ್ಮ ಮೇಲೆ. ಊಟ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಟೂರ್‌ಗೆ ಕಟ್ಟಿದ ದುಡ್ಡಿನಲ್ಲಿ ಅರ್ಧ ವಾಪಸ್ ಕೊಡಿ. ಮುಂದಿನವರಿಗೆ ಕೊಡುವ ಹಾಳೆಯಲ್ಲಿ ಅಂಗಡಿ, ಅಲ್ಲಿ ನಿಲ್ಲಿಸುವ ಹೊತ್ತು ಎರಡನ್ನೂ ಬರೆಯಿರಿ. 15 ದಿನದಲ್ಲಿ ಉತ್ತರ ಬರದಿದ್ದರೆ ಮೈಸೂರಿನ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ ದೂರು ಕೊಡಬಹುದು. ರಸೀದಿ, ನಿಮ್ಮ ಹಾಳೆ, ಸಮಯ ಕಾಣುವ ಫೋಟೊಗಳ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ, ಮೈಸೂರು